‘ಆಗಿನ ಕಾಲಾನೇ ಚೆನ್ನಾಗಿತ್ತು’ ಅಂತ ಮನೇಲಿ ವಾದ ಶುರುವಾದ್ರೆ: ಸೌಕರ್ಯಕ್ಕೂ ಸುಖಕ್ಕೂ ಲೆಕ್ಕ ಹಾಕೋದು ಹೇಗೆ

ನಮ್ಮನೇಲಿ ಹಬ್ಬದ ಊಟ ಮುಗ್ಸಿ ಎಲೆ ಅಡಿಕೆ ತಟ್ಟೆ ಮುಂದೆ ಕೂತ್ರೆ ಒಂದು ವಾದ ಬಂದೇ ಬರುತ್ತೆ. ಅಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೇಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದೋರು, ನಾವು ಬೆಳೆದಿದ್ದೆಲ್ಲ ಕ್ವಾರ್ಟರ್ಸಲ್ಲೇ. ತಮ್ಮ ಸಾಫ್ಟ್‌ವೇರಲ್ಲಿದಾನೆ. ಅಪ್ಪ "ನಮಗೇನಿತ್ತು ಹೇಳು, ಒಂದು ರೇಡಿಯೋ, ಎರಡು ಕುರ್ಚಿ, ಆದ್ರೂ ತಲೆ ದಿಂಬಿಗಿಟ್ರೆ ನಿದ್ದೆ ಬರ್ತಿತ್ತು, ನಿಮಗೆ ಎಲ್ಲಾ ಇದ್ರೂ ರಾತ್ರಿ ಒಂದು ಗಂಟೆ ತನಕ ಲೈಟ್ ಉರೀತಿರುತ್ತೆ" ಅಂತಾರೆ, ತಮ್ಮ "ಸ್ಕೂಟರ್‌ಗೆ ಏಳು ವರ್ಷ ಕಾದಿದ್ದು ಮರ್ತೋಯ್ತಾ ಅಪ್ಪ" ಅಂತಾನೆ, ಆಮೇಲೆ ಸಮಾಜವಾದ ಬಂಡವಾಳಶಾಹಿ ಅಂತ ದೊಡ್ಡ ದೊಡ್ಡ ಮಾತು ಬಂದು ಕೊನೆಗೆ ಇಬ್ರೂ ಮುಖ ಊದಿಸ್ಕೊಂಡು ಏಳ್ತಾರೆ.

ನನಗೆ ಇದು ಬೇಜಾರಾಗೋದು ಯಾಕಂದ್ರೆ ಪ್ರಶ್ನೆ ಬಹಳ ದೊಡ್ಡದು, ನಿಜವಾಗ್ಲೂ ಉತ್ತರ ಬೇಕಾಗಿರೋದು. ನಾವು ಅರ್ಧ ಆಯಸ್ಸನ್ನ ಸೌಕರ್ಯಕ್ಕೆ ಸುರೀತಿದೀವಿ, ಅದು ಸುಖ ತರುತ್ತೋ ಇಲ್ವೋ ಅಂತ ಗೊತ್ತಿರ್ಬೇಕಲ್ವಾ. ಹಂಗಾಗಿ ಹೋದ ವರ್ಷದಿಂದ ನಾನು ಒಂದು ಕ್ರಮ ಮಾಡ್ಕೊಂಡಿದೀನಿ. ಒಂದು ನೋಟ್‌ಬುಕ್, ಒಂದು ಪೆನ್ನು, ಎರಡು ಮೂರು ಭಾನುವಾರ ಸಾಕು. ನೀವೂ ಮಾಡಿ ನೋಡಿ.

ಮೊದಲು ಗೇಟಿನ ಒಳಗಾ ಹೊರಗಾ ಅಂತ ಬರ್ಕೊಳ್ಳಿ

ಸಮಾಜವಾದ, ಬಂಡವಾಳಶಾಹಿ ಅನ್ನೋ ಪದಗಳನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಾಳೆ ಮೇಲುಗಡೆ ಯಾವ ಇಸವಿ, ಯಾವ ಊರು, ಏನು ಕೆಲಸ, ಗಂಡಸಾ ಹೆಂಗಸಾ ಅಂತ ಬರೀರಿ. ಇಷ್ಟು ಮಾಡಿದ್ರೇನೇ ಅರ್ಧ ಜಗಳ ಕಮ್ಮಿಯಾಗುತ್ತೆ.

ಯಾಕಂದ್ರೆ ನಮ್ಮ ದೇಶ ಪೂರ್ತಿ ಸಮಾಜವಾದಿ ಆಗಿದ್ದೇ ಇಲ್ಲ. 1955ರಲ್ಲಿ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ಸು ಸಮಾಜವಾದಿ ಮಾದರಿಯ ಸಮಾಜ ಅಂತ ನಿರ್ಣಯ ಮಾಡ್ತು, 1976ರಲ್ಲಿ ಸಂವಿಧಾನದ ಪ್ರಸ್ತಾವನೆಗೆ ಆ ಪದ ಸೇರ್ತು, ಆದ್ರೆ ಹೊಲ ಗದ್ದೆ ಅಂಗಡಿ ಹೋಟ್ಲು ಬಟ್ಟೆ ಮಿಲ್ಲು ಹೆಚ್ಚಿನದ್ದೆಲ್ಲ ಖಾಸಗಿಯವರ ಕೈಯಲ್ಲೇ ಇತ್ತು. ಸಮಾಜವಾದಕ್ಕೆ ಹತ್ತಿರ ಅನ್ನಬಹುದಾದ್ದು ಇದ್ದಿದ್ದು ಸರ್ಕಾರಿ ಕಾರ್ಖಾನೆಗಳ ಕಾಂಪೌಂಡ್ ಒಳಗೆ. ಬೆಂಗಳೂರಲ್ಲಿ 1940ರ ಎಚ್‌ಎಎಲ್, 1948ರ ಐಟಿಐ ಅನ್ನೋ ಟೆಲಿಫೋನ್ ಕಾರ್ಖಾನೆ, 1953ರ ಎಚ್‌ಎಂಟಿ, 1954ರ ಬಿಇಎಲ್, 1964ರ ಬಿಇಎಂಎಲ್. ಆ ಗೇಟಿನ ಒಳಗೆ ಮನೆ, ಸ್ಕೂಲು, ಆಸ್ಪತ್ರೆ, ಕಂಪ್ನಿ ಬಸ್ಸು, ನಾಲ್ಕಾಣೆ ಎಂಟಾಣೆಗೆ ಕ್ಯಾಂಟೀನ್ ತಿಂಡಿ, ರಾಜ್ಯೋತ್ಸವಕ್ಕೆ ನಾಟಕ, ಎಲ್ಲಾ ಇತ್ತು. ಮೀಸಲಾತಿ ಇದ್ದಿದ್ರಿಂದ ಎಷ್ಟೋ ದಲಿತ ಕುಟುಂಬಗಳಿಗೆ ಮೊದಲನೇ ಪಿಎಫ್, ಮೊದಲನೇ ಪಕ್ಕಾ ಮನೆ ಸಿಕ್ಕಿದ್ದು ಇಲ್ಲೇ, ಇದನ್ನ ಯಾರೂ ಸಣ್ಣದು ಮಾಡ್ಬಾರ್ದು. ಆದ್ರೆ ಅದೇ ಗೇಟಿನ ಹೊರಗೆ ಗಾರೆ ಕೆಲಸ ಮಾಡ್ತಿದ್ದೋರಿಗೆ, ಊದುಬತ್ತಿ ಹೊಸೀತಿದ್ದೋರಿಗೆ ಇದ್ಯಾವುದೂ ಇರ್ಲಿಲ್ಲ. ಅಪ್ಪ "ಆಗಿನ ಕಾಲ" ಅಂದಾಗ ಅದು ಗೇಟಿನ ಒಳಗಿನ ಕಾಲ.

ಈಗಿನದೂ ಹಂಗೇನೆ. ಒಂದೇ ಬೆಂಗಳೂರಲ್ಲಿ ಟೆಕ್ ಪಾರ್ಕಿನ ಮ್ಯಾನೇಜರು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ಮುಂದೆ ಕೂತ ಅಕ್ಕ, ಊಟದ ಬ್ಯಾಗ್ ಬೆನ್ನಿಗೆ ಹಾಕ್ಕೊಂಡು ಸಿಗ್ನಲ್ಲಲ್ಲಿ ನಿಂತ ಹುಡುಗ ಮೂರೂ ಜನ ಇದಾರೆ. ನಿಮ್ಮ ತಮ್ಮ ಮಾತಾಡ್ತಿರೋದು ಯಾರ ಬಂಡವಾಳಶಾಹಿ ಬಗ್ಗೆ ಅಂತ ಅವನ ಕೈಲೇ ಬರೆಸಿ.

ಆಮೇಲೆ ಮೂರು ಕಾಲಂ ಹಾಕಿ

ಒಂದನೇ ಕಾಲಮ್ಮಲ್ಲಿ ಮನೆಗೆ ಬಂದ ವಸ್ತು, ಬಂದ ಇಸವಿ. ಎರಡನೇದ್ರಲ್ಲಿ ಅದು ಯಾವ ಕಷ್ಟ, ಯಾವ ಚಿಂತೆ ತೆಗೀತು. ಮೂರನೇದ್ರಲ್ಲಿ ಅದು ಯಾವ ಹೊಸ ಚಿಂತೆ ತಂತು. ಇಷ್ಟೇ, ಆದ್ರೆ ಒಂದೊಂದು ವಸ್ತುಗೂ ನಿಧಾನವಾಗಿ ಯೋಚ್ನೆ ಮಾಡಿ ಬರೀಬೇಕು, ಅವಸರ ಮಾಡಿದ್ರೆ ಎಲ್ಲದಕ್ಕೂ "ಅನುಕೂಲ ಆಯ್ತು" ಅಂತ ಬರೆದುಬಿಡ್ತೀರ.

ನಮ್ಮ ಹಾಳೇಲಿ ಮೊದಲನೇ ಸಾಲು ಗ್ಯಾಸ್ ಒಲೆ. ಅಮ್ಮ ಹೇಳಿದ್ದನ್ನ ಹಂಗೇ ಬರ್ಕೊಂಡೆ: ಸೀಮೆಎಣ್ಣೆಗೆ ಸೊಸೈಟಿ ಮುಂದೆ ಡಬ್ಬ ಸಾಲಲ್ಲಿಟ್ಟು ನಿಲ್ಲೋದು ತಪ್ತು, ಪಂಪ್ ಸ್ಟವ್ ಪಿನ್ ಹಾಕೋದು ತಪ್ತು, ಗೋಡೆ ಮಸಿ ತಪ್ತು, ಅಜ್ಜಿ ಕೆಮ್ಮು ಕಮ್ಮಿಯಾಯ್ತು. ಮೂರನೇ ಕಾಲಮ್ಮಲ್ಲಿ "ಸಿಲಿಂಡರ್ ಬುಕ್ ಮಾಡಿ ಕಾಯೋದು" ಅಂತ ಒಂದೇ ಒಂದು. ಗ್ಯಾಸ್ ಬಂದು ನಲವತ್ತು ವರ್ಷ ಆದ್ಮೇಲೂ ಅಮ್ಮ ಅದರ ಬಗ್ಗೆ ಹೇಳುವಾಗ ಮುಖ ಅರಳುತ್ತೆ. ವಸ್ತುಗಳಿಂದ ಸುಖ ಸಿಗಲ್ಲ ಅಂತ ಭಾಷಣ ಮಾಡೋರು ಹಸಿ ಸೌದೆ ಊದಿರೋರಲ್ಲ, ಇದು ನನ್ನ ಖಂಡಿತ ಅಭಿಪ್ರಾಯ. ನಲ್ಲಿ ನೀರು, ಕಕ್ಕಸು, ಗ್ಯಾಸು, ಕರೆಂಟು, ಮಿಕ್ಸಿ, ಇವು ಕೊಟ್ಟ ಸುಖ ನಿಜವಾದ ಸುಖ, ಯಾವ ವ್ಯವಸ್ಥೆ ತಂದ್ರೂ ಅದು ಪುಣ್ಯದ ಕೆಲಸಾನೇ.

ಕೆಳಕ್ಕೆ ಬರ್ತಾ ಬರ್ತಾ ಮೂರನೇ ಕಾಲಂ ಉದ್ದ ಆಗ್ತಾ ಹೋಗುತ್ತೆ, ಗಮನಿಸಿ. ತಮ್ಮನ ಫ್ಲ್ಯಾಟ್ ಸಾಲಲ್ಲಿ ಎರಡನೇ ಕಾಲಮ್ಮಲ್ಲಿ "ಬಾಡಿಗೆ ಮನೆ ಬದಲಾಯಿಸೋದು ತಪ್ತು" ಅಂತಿದೆ, ಮೂರನೇದ್ರಲ್ಲಿ ಇಪ್ಪತ್ತು ವರ್ಷದ ಇಎಂಐ, ಆಫೀಸಿಗೆ ಒಂದೂವರೆ ಗಂಟೆ, ಟ್ಯಾಂಕರ್ ನೀರು, ಮೇಂಟೆನೆನ್ಸು, ಅಪ್ರೈಸಲ್ ತಿಂಗಳಲ್ಲಿ ಹೊಟ್ಟೆ ಉರಿ. ಅವನೇ ಬರೆದಿದ್ದು, ನಾನೇನೂ ಹೇಳ್ಕೊಡ್ಲಿಲ್ಲ.

ಅಪ್ಪನ ಕಾಲದ ಮೂರನೇ ಕಾಲಂ ಖಾಲಿ ಅಂತ ಅನ್ಕೋಬೇಡಿ. ಅಲ್ಲಿ ಚಿಂತೆ ಅಂದ್ರೆ ಕಾಯೋದು. ಬಜಾಜ್ ಸ್ಕೂಟರ್ ಬುಕ್ ಮಾಡಿದ್ರೆ ವರ್ಷಗಟ್ಟಲೆ, ಕೆಲವರಿಗೆ ಹತ್ತು ವರ್ಷದ ತನಕ. ದೂರವಾಣಿನಗರದಲ್ಲಿ ಐಟಿಐ ದೇಶಕ್ಕೆಲ್ಲ ಫೋನ್ ಮಾಡಿ ಕೊಡ್ತಿತ್ತು, ಅದೇ ಊರಲ್ಲಿ ಜನ ಫೋನ್ ಕನೆಕ್ಷನ್‌ಗೆ ಅರ್ಜಿ ಹಾಕಿ ವರ್ಷಾನುಗಟ್ಟಲೆ ಕೂತಿರ್ತಿದ್ರು. ಊರಿಂದ ಅಜ್ಜ ತೀರಿಕೊಂಡ ಸುದ್ದಿ ಟೆಲಿಗ್ರಾಂ ಬಂದು ಮುಟ್ಟೋ ಹೊತ್ತಿಗೆ ಮಣ್ಣು ಮುಗಿದಿತ್ತು ಅಂತ ಅಪ್ಪ ಒಂದೇ ಒಂದ್ಸಲ ಹೇಳಿದಾರೆ. ಅದನ್ನೂ ಬರೀಬೇಕು.

ಹಿರಿಯರನ್ನ ಕೇಳೋದು ಹೇಗೆ

"ನೀವು ಸುಖವಾಗಿದ್ರಾ?" ಅಂತ ಮಾತ್ರ ಕೇಳ್ಬೇಡಿ. ಹಂಗೆ ಕೇಳಿದ್ರೆ ಯೌವನ ಉತ್ತರ ಕೊಡುತ್ತೆ, ಇಪ್ಪತ್ತೈದು ವರ್ಷದ ವಯಸ್ಸು ಯಾವ ರಾಜ್ಯದಲ್ಲಿದ್ರೂ ಚೆಂದ. ಅದರ ಬದಲು ಒಂದು ಮಾಮೂಲಿ ಮಂಗಳವಾರ ಹೇಗಿರ್ತಿತ್ತು ಅಂತ ಬೆಳಿಗ್ಗೆ ಸೈರನ್ನಿಂದ ರಾತ್ರಿ ದೀಪ ಆರಿಸೋವರ್ಗೂ ಕೇಳಿ. ಯಾವುದಕ್ಕೆ ಎಷ್ಟು ದಿನ ಕಾದ್ರಿ, ರಾತ್ರಿ ನಿದ್ದೆ ಕೆಡ್ಸಿದ್ದು ಏನು, ಕಾಯಿಲೆ ಬಂದಾಗ ಎಲ್ಲಿ ಹೋದ್ರಿ, ಎಷ್ಟು ಸಾಲ ಆಯ್ತು, ಯಾರನ್ನ ನೋಡಿ ಹೊಟ್ಟೆ ಉರೀತಿತ್ತು, ಬಾಯಿಬಿಟ್ಟು ಹೇಳೋಕಾಗದೆ ಇದ್ದ ಮಾತು ಯಾವುದು. ಇಂಥವು.

ಹೊಟ್ಟೆ ಉರಿ ಪ್ರಶ್ನೆ ಬಿಡ್ಬೇಡಿ. "ನಮ್ಮ ಕಾಲದಲ್ಲಿ ಎಲ್ಲರೂ ಒಂದೇ, ಯಾರೂ ಯಾರನ್ನೂ ನೋಡಿ ಕರುಬ್ತಿರ್ಲಿಲ್ಲ" ಅಂತ ಅಪ್ಪ ಮೊದಲು ಅಂದ್ರು. ನಾನು 1980ರ ಡಿಸೆಂಬರಿಂದ 1981ರ ಮಾರ್ಚ್‌ ತನಕ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಲ್ಲಿ ನಡೆದ 77 ದಿನದ ಮುಷ್ಕರ ನೆನಪಿಸಿದೆ. ಅದರ ಮುಖ್ಯ ಬೇಡಿಕೆ ಏನು, ಬಿಎಚ್‌ಇಎಲ್ ಅನ್ನೋ ಇನ್ನೊಂದು ಸರ್ಕಾರಿ ಕಂಪ್ನಿ ಕಾರ್ಮಿಕರ ಸಮಕ್ಕೆ ನಮಗೂ ಸಂಬಳ ಕೊಡಿ ಅಂತ. ಕೆಲಸ ಭದ್ರ, ಮನೆ ಇದೆ, ಊಟ ಇದೆ, ಆದ್ರೂ ಪಕ್ಕದೋರಿಗೆ ಸಿಕ್ಕಿದ್ದು ನಮಗೆ ಸಿಕ್ಕಿಲ್ಲ ಅನ್ನೋ ನೋವು ಲಕ್ಷಕ್ಕೂ ಹೆಚ್ಚು ಜನನ್ನ ಬೀದಿಗೆ ತಂತು. ನ್ಯಾಯದ ಬೇಡಿಕೇನೇ ಅದು, ನಾನು ತಪ್ಪು ಅಂತಿಲ್ಲ. ಅಪ್ಪ ಸುಮ್ನಾಗಿ ಆಮೇಲೆ ಆ ಮೂರು ತಿಂಗಳು ಅಮ್ಮ ಬಳೆ ಅಡ ಇಟ್ಟಿದ್ದು, ಶೆಟ್ಟರ ಅಂಗಡೀಲಿ ಸಾಲ ಬರೆಸಿದ್ದು ಎಲ್ಲಾ ಹೇಳಿದ್ರು. ಇಷ್ಟು ವರ್ಷದಲ್ಲಿ ಆ ಕಥೆ ನಾನು ಕೇಳೇ ಇರ್ಲಿಲ್ಲ.

ಇನ್ನೊಂದು ಮುಖ್ಯ ಮಾತು, ಅಮ್ಮನ್ನ ಬೇರೆ ಕೂರಿಸ್ಕೊಂಡು ಕೇಳಿ. ಅಪ್ಪನ ಎದುರು ಅಮ್ಮಂದ್ರು ಹೂಂ ಅಂತಾರೆ ಅಷ್ಟೆ. ಅಪ್ಪನ ನೆನಪಲ್ಲಿ ಕ್ವಾರ್ಟರ್ಸ್ ಅಂದ್ರೆ ಸಂಜೆ ವಾಲಿಬಾಲ್, ಅಮ್ಮನ ನೆನಪಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಬರೋ ನೀರು. ಹಂಗಂತ ಅಮ್ಮ ಈಗಿನದ್ದೇ ಚೆನ್ನ ಅಂತಾನೂ ಅನ್ಲಿಲ್ಲ, "ಆಗ ಹೆರಿಗೆಗೆ, ಮಕ್ಕಳ ಜ್ವರಕ್ಕೆ ಕಾರ್ಖಾನೆ ಆಸ್ಪತ್ರೆ ಇತ್ತು, ದುಡ್ಡು ಹೊಂದಿಸ್ಬೇಕು ಅನ್ನೋ ಯೋಚ್ನೇನೇ ಇರ್ಲಿಲ್ಲ, ಈಗ ಆಸ್ಪತ್ರೆ ಬಾಗಿಲಿಗೆ ಹೋದ್ರೆ ಮೊದಲು ಕಾರ್ಡ್ ಕೇಳ್ತಾರೆ" ಅಂದ್ರು.

ಅಂಕಿ ಅಂಶ ನೋಡೋದಾದ್ರೆ

ನೆಟ್ಟಲ್ಲಿ ಸುಖದ ಪಟ್ಟಿ ಅಂತ ಸಿಗೋದ್ರಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಮೇಲೆ ನಿಂತಿವೆ: 0ಯಿಂದ 10ರ ತನಕ ಮೆಟ್ಟಿಲಿರೋ ಏಣಿ ಅಂತ ಅನ್ಕೊಳ್ಳಿ, ನಿಮ್ಮ ಬದುಕು ಈಗ ಯಾವ ಮೆಟ್ಟಿಲ ಮೇಲಿದೆ. ಇದು ಬದುಕಿನ ಬಗ್ಗೆ ತೃಪ್ತಿ ಎಷ್ಟು ಅಂತ ಹೇಳುತ್ತೆ, ನಿನ್ನೆ ನಕ್ರಾ ಅತ್ರಾ ಅಂತ ಹೇಳಲ್ಲ. ಎರಡನ್ನೂ ಕಲಸ್ಬೇಡಿ.

ದೇಶ ದೇಶ ಹೋಲಿಸೋದಕ್ಕಿಂತ ಅದೇ ಜನ ವ್ಯವಸ್ಥೆ ಬದಲಾದಾಗ ಏನಂದ್ರು ಅಂತ ನೋಡೋದು ಒಳ್ಳೇದು. ಅದಕ್ಕೆ ಪೂರ್ವ ಜರ್ಮನಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ಭಾಷೆ, ಅದೇ ಜನ, ನಲವತ್ತು ವರ್ಷ ಎರಡು ವ್ಯವಸ್ಥೆ, ಪೂರ್ವದಲ್ಲಿ ಸಮಾಜವಾದ, ಪಶ್ಚಿಮದಲ್ಲಿ ಬಂಡವಾಳಶಾಹಿ. ಪೂರ್ವದಲ್ಲಿ ಟ್ರಾಬಂಟ್ ಅನ್ನೋ ಸಣ್ಣ ಕಾರಿಗೆ ಹತ್ತು ವರ್ಷಕ್ಕೂ ಮೇಲೆ ಕಾಯ್ಬೇಕಿತ್ತು, ಒಳ್ಳೆ ಕಾಫಿ, ಬಾಳೆಹಣ್ಣು ಸಿಗೋದೇ ಕಷ್ಟ. ಆದ್ರೆ ಬಾಡಿಗೆ ತೀರಾ ಕಮ್ಮಿ, ನಿರುದ್ಯೋಗ ಇಲ್ಲ, ಮಗೂಗೆ ಶಿಶುವಿಹಾರ ಇದ್ದೇ ಇರುತ್ತೆ, ಹೆಚ್ಚುಕಮ್ಮಿ ಎಲ್ಲಾ ಹೆಂಗಸರೂ ಕೆಲಸದಲ್ಲಿದ್ರು. ಜೊತೆಗೆ ಜನ ಪಶ್ಚಿಮಕ್ಕೆ ಹೋಗ್ದಂಗೆ 1961ರಲ್ಲಿ ಕಟ್ಟಿದ ಬರ್ಲಿನ್ ಗೋಡೆ, ಅದನ್ನ ದಾಟೋಕೆ ಹೋಗಿ ಬರ್ಲಿನ್ ಒಂದರಲ್ಲೇ ಸತ್ತೋರು ಕನಿಷ್ಠ 140 ಜನ, ಪಕ್ಕದ್ಮನೆಯೋನೇ ಸ್ಟಾಸಿ ಅನ್ನೋ ಗುಪ್ತ ಪೊಲೀಸ್ರಿಗೆ ವರದಿ ಕೊಡ್ತಿರಬಹುದು ಅನ್ನೋ ಭಯ. ಇದನ್ನ ಬಿಟ್ಟು ಬರೀ ಶಿಶುವಿಹಾರದ ಬಗ್ಗೆ ಮಾತಾಡೋದು ಸತ್ತೋರಿಗೆ ಮಾಡೋ ಅನ್ಯಾಯ.

1989ರ ನವೆಂಬರ್ 9ಕ್ಕೆ ಗೋಡೆ ತೆರೀತು. ಪಶ್ಚಿಮದಲ್ಲಿ 1984ರಿಂದ ಪ್ರತಿ ವರ್ಷ ಅದೇ ಮನೆಗಳಿಗೆ ಹೋಗಿ ಅದೇ ಪ್ರಶ್ನೆ ಕೇಳೋ ಒಂದು ಸಮೀಕ್ಷೆ ನಡೀತಿತ್ತು, ಅದನ್ನ 1990ರ ಜೂನಲ್ಲಿ ಪೂರ್ವಕ್ಕೂ ವಿಸ್ತರಿಸಿದ್ರು, ಅಂದ್ರೆ ಜುಲೈ 1ಕ್ಕೆ ಪಶ್ಚಿಮದ ಹಣ ಮಾರ್ಕ್ ಅಲ್ಲಿಗೆ ಬರೋಕೆ ಸ್ವಲ್ಪ ಮುಂಚೆ. ಮುಂದಿನ ವರ್ಷ ಕೇಳಿದಾಗ ಅಂಗಡಿ ತುಂಬಾ ಸಾಮಾನು, ರಸ್ತೆ ತುಂಬಾ ಪಶ್ಚಿಮದ ಕಾರು, ಆದ್ರೆ ಬದುಕಿನ ತೃಪ್ತಿ ಅಂಕ ಕೆಳಗಿಳಿದಿತ್ತು! ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಇದನ್ನ ಬಿಡಿಸಿ ನೋಡಿದ್ರು. ಸಾಮಾನು ಸರಂಜಾಮಿನ ಬಗ್ಗೆ ತೃಪ್ತಿ ಏರಿತ್ತು, ಕೆಲಸ, ಆರೋಗ್ಯ, ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ ಬಗ್ಗೆ ಇಳಿದಿತ್ತು. ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದ್ವು, ಜೀವನದಲ್ಲಿ ನಿರುದ್ಯೋಗ ಅನ್ನೋ ಪದಾನೇ ಕೇಳದವರು ಸಾಲಲ್ಲಿ ನಿಂತ್ರು. ಅಲ್ಲಿ ಹುಟ್ಟೋ ಮಕ್ಕಳ ಸಂಖ್ಯೆ ನಾಲ್ಕೈದು ವರ್ಷದಲ್ಲಿ ಅರ್ಧಕ್ಕಿಂತ ಕಮ್ಮಿಯಾಯ್ತು. ನಾಳೆ ಮೇಲೆ ನಂಬಿಕೆ ಇಲ್ಲದಾಗ ಜನ ಮಗು ಬೇಕಾ ಅಂತ ಎರಡು ಸಲ ಯೋಚಿಸ್ತಾರೆ, ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು ನನಗೆ ಗೊತ್ತಿಲ್ಲ.

ಆಮೇಲೆ ಏರ್ತು, ಅದನ್ನೂ ಹೇಳ್ಬೇಕು. ಕೆಲವೇ ವರ್ಷದಲ್ಲಿ ತೃಪ್ತಿ ಮತ್ತೆ ಮೇಲಕ್ಕೆ ಬಂತು, ಈಗ ಪೂರ್ವ ಪಶ್ಚಿಮದ ಅಂತರ ತುಂಬಾ ಸಣ್ಣದು. ಹಳೇ ಸಾಮಾನು ನೋಡಿ ಮನಸ್ಸು ಕರಗೋದಕ್ಕೆ ಅವರು ಓಸ್ಟಾಲ್ಜಿ ಅಂತ ಹೆಸರಿಟ್ಕೊಂಡಿದಾರೆ, ಹಂಗಂತ ಹೆಚ್ಚಿನವರು ಗೋಡೆ ವಾಪಸ್ ಬೇಕು ಅನ್ನಲ್ಲ.

ಚೀನಾದ ಕಥೇನೂ ಇದೇ ದಾರಿ. 1990ರಿಂದ 2010ರೊಳಗೆ ತಲಾ ಬಳಕೆ ನಾಲ್ಕು ಪಟ್ಟು ಏರಿದ್ರೂ ತೃಪ್ತಿ ಮೊದಲ ಹತ್ತು ಹನ್ನೆರಡು ವರ್ಷ ಇಳಿದು ಆಮೇಲೆ ನಿಧಾನಕ್ಕೆ ಏರ್ತು ಅಂತ ಈಸ್ಟರ್ಲಿನ್ ತಂಡ 2012ರಲ್ಲಿ ತೋರಿಸ್ತು. ಸರ್ಕಾರಿ ಕಾರ್ಖಾನೆಗಳ ಕೆಲಸಕ್ಕೆ ಅಲ್ಲಿನ ಜನ ಕಬ್ಬಿಣದ ಅನ್ನದ ಬಟ್ಟಲು ಅಂತಿದ್ರು, ಬಿದ್ರೂ ಒಡೆಯಲ್ಲ ಅಂತ. ತೊಂಬತ್ತರ ದಶಕದ ಕೊನೆಗೆ ಕೋಟಿಗಟ್ಟಲೆ ಜನರ ಕೈಯಿಂದ ಆ ಬಟ್ಟಲು ಹೋಯ್ತು.

ದುಡ್ಡು ಹೆಚ್ಚಾದ್ರೆ ಸುಖ ಹೆಚ್ಚಾಗುತ್ತಾ ಅನ್ನೋದಕ್ಕೂ ಒಂದೇ ಮಾತಿನ ಉತ್ತರ ಇಲ್ಲ. 2010ರಲ್ಲಿ ಕಾನಮನ್ ಮತ್ತು ಡೀಟನ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ವರ್ಷಕ್ಕೆ 75,000 ಡಾಲರ್ ಹತ್ತಿರ ದಿನನಿತ್ಯದ ಸಂತೋಷ ನಿಂತುಬಿಡುತ್ತೆ ಅಂದ್ರು, ವಾಟ್ಸಾಪಲ್ಲಿ ಇವತ್ತಿಗೂ ಅದೇ ತಿರುಗ್ತಿದೆ. 2023ರಲ್ಲಿ ಅದೇ ಕಾನಮನ್ ಬೇರೆ ಇಬ್ಬರ ಜೊತೆ ಸೇರಿ ಮತ್ತೆ ಲೆಕ್ಕ ಮಾಡಿದಾಗ ಹೆಚ್ಚಿನವರಲ್ಲಿ ಅದು ಏರ್ತಾನೇ ಹೋಗುತ್ತೆ, ಮೊದಲೇ ತುಂಬಾ ದುಃಖದಲ್ಲಿರೋ ಐದರಲ್ಲಿ ಒಂದು ಪಾಲು ಜನಕ್ಕೆ ಮಾತ್ರ ಒಂದು ಹಂತದಲ್ಲಿ ನಿಲ್ಲುತ್ತೆ ಅಂತ ಬಂತು. ತನ್ನ ಹಳೇ ತೀರ್ಮಾನನ್ನ ತಾನೇ ತಿದ್ದಿಕೊಂಡ ಆ ದೊಡ್ಡತನ ನನಗೆ ಬಹಳ ಹಿಡಿಸ್ತು.

ಫಿನ್ಲೆಂಡ್ 2018ರಿಂದ ಸುಖದ ಪಟ್ಟೀಲಿ ಮೊದಲನೇದು ಅಂತ ಯಾರಾದ್ರೂ ತಂದಿಟ್ರೆ, ಅದು ಸಮಾಜವಾದದ ಗೆಲುವು ಅಂತ ಒಪ್ಕೋಬೇಡಿ, ಅಲ್ಲಿ ಕಂಪ್ನಿಗಳೆಲ್ಲ ಮಾರುಕಟ್ಟೇಲೇ ದುಡಿಯೋದು. ಬರೀ ಬಂಡವಾಳಶಾಹಿ ಅಂತಾನೂ ಒಪ್ಕೋಬೇಡಿ, ತೆರಿಗೆ ಜಾಸ್ತಿ, ಶಾಲೆ ಆಸ್ಪತ್ರೆ ಸಾರ್ವಜನಿಕ, ಕೆಲಸ ಹೋದ್ರೆ ಹಿಡ್ಕೊಳ್ಳೋ ವ್ಯವಸ್ಥೆ ಇದೆ. ನಮ್ಮ ಮೂರು ಕಾಲಂ ಭಾಷೇಲಿ ಹೇಳ್ಬೇಕಂದ್ರೆ ಮೂರನೇ ಕಾಲಮ್ಮನ್ನ ಸಮಾಜ ಹಂಚ್ಕೊಂಡಿದೆ.

1959ರ ಜುಲೈ 24ಕ್ಕೆ ಮಾಸ್ಕೋದಲ್ಲಿ ಅಮೆರಿಕದ ವಸ್ತುಪ್ರದರ್ಶನದಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ನಿಕ್ಸನ್ನೂ ಸೋವಿಯತ್ ನಾಯಕ ಕ್ರುಶ್ಚೇವೂ ಒಂದು ಮಾದರಿ ಅಡುಗೆಮನೆ ಮುಂದೆ ನಿಂತು ವಾಷಿಂಗ್ ಮಷಿನ್, ಮನೆ ಅಂತ ವಾದ ಮಾಡಿದ್ರು. ಇಬ್ಬರೂ ಹೇಳಿದ್ದು ನಮ್ಮ ವ್ಯವಸ್ಥೇನೇ ಜನಕ್ಕೆ ಹೆಚ್ಚು ಕೊಡುತ್ತೆ ಅಂತ. ಇವತ್ತಿಗೂ ನಮ್ಮ ಹಬ್ಬದ ವಾದ ಅದೇ ಅಡುಗೆಮನೇಲಿ ಸಿಕ್ಕಾಕೊಂಡಿದೆ, ಮೂರನೇ ಕಾಲಮ್ಮನ್ನ ಆವತ್ತು ಯಾರೂ ಬರೀಲಿಲ್ಲ.

ಹಾಳೆ ತುಂಬಿದ ಮೇಲೆ ಮನೇಲಿ ಏನು ಮಾಡೋದು

ನಾವು ಮಾಡಿದ್ದು ಹೇಳ್ತೀನಿ, ನಿಮ್ಮ ಮನೆಗೆ ಹೊಂದೋ ಹಂಗೆ ಬದಲಾಯಿಸ್ಕೊಳ್ಳಿ. ಹೊಸ ವಸ್ತು ತಗೋಳೋ ಮುಂಚೆ ಆರು ತಿಂಗಳ ಖರ್ಚು ಬ್ಯಾಂಕಲ್ಲಿದೆಯಾ, ಮನೆಯೋರಿಗೆಲ್ಲ ಆರೋಗ್ಯ ವಿಮೆ ಇದೆಯಾ ಅಂತ ನೋಡ್ತೀವಿ, ಯಾಕಂದ್ರೆ ಅಪ್ಪನ ನಿದ್ದೆಗೆ ಕಾರಣ ಆಗಿದ್ದು ರೇಡಿಯೋ ಕುರ್ಚಿ ಅಲ್ಲ, ಕಾರ್ಖಾನೆ ಆಸ್ಪತ್ರೆ ಮತ್ತೆ ಒಂದನೇ ತಾರೀಖು ಬರೋ ಸಂಬಳ, ಅದು ನಮಗೆ ಯಾರೂ ಕೊಡಲ್ಲ, ನಾವೇ ಕಟ್ಕೋಬೇಕು. ಆಮೇಲೆ ಇಎಂಐಗೆ ಒಂದು ಪ್ರಶ್ನೆ: ಈ ಸಾಲ ಇರೋವರ್ಗೂ ನಾನು ಆಫೀಸಲ್ಲಿ "ಇದು ಆಗಲ್ಲ ಸಾರ್" ಅಂತ ಅನ್ನೋಕಾಗುತ್ತಾ? ಆಗಲ್ಲ ಅನ್ಸಿದ್ರೆ ಸಾಲ ಸಣ್ಣದು ಮಾಡಿ. ತಮ್ಮ ಎರಡನೇ ಕಾರಿನ ಯೋಚ್ನೆ ಬಿಟ್ಟಿದ್ದು ಈ ಪ್ರಶ್ನೆಯಿಂದಾನೇ.

ಆದ್ರೆ ಮನೆ ಒಳಗೆ ಕೂತು ಎಲ್ಲಾ ಸರಿ ಮಾಡೋಕಾಗಲ್ಲ. 2016ರ ಏಪ್ರಿಲಲ್ಲಿ ಪಿಎಫ್ ದುಡ್ಡಲ್ಲಿ ಮಾಲೀಕರ ಪಾಲನ್ನ 58 ವರ್ಷದ ತನಕ ತೆಗೆಯೋ ಹಂಗಿಲ್ಲ ಅನ್ನೋ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೇಲಿ ರಸ್ತೆಗೆ ಬಂದು ಕೂತ್ರು, ಕೇಂದ್ರ ಸರ್ಕಾರ ಅದನ್ನ ಕೈಬಿಡ್ತು. ಅವರ ಬದುಕಲ್ಲಿ ಇದ್ದ ಒಂದೇ ಒಂದು ಭರವಸೆ ಆ ದುಡ್ಡು, ಮಗಳ ಮದುವೆ, ಗಂಡನ ಆಪರೇಷನ್ ಎಲ್ಲದಕ್ಕೂ ಅದೇ. ಟಿವಿ ಫ್ರಿಜ್ಜಿಗೋಸ್ಕರ ಅವರು ಲಾಠಿ ಏಟು ತಿಂದಿದ್ದಲ್ಲ. ಹಂಗಾಗಿ ಹಾಳೇಲಿ ಯಾವ ಚಿಂತೆ ದುಡ್ಡು ಕೊಟ್ಟು ತೆಗೆಯೋಕಾಗಲ್ಲವೋ ಅದಕ್ಕೆ ಕೆಂಪು ಪೆನ್ನಲ್ಲಿ ಗೆರೆ ಹಾಕಿ, ವಾರ್ಡಿನ ಆಸ್ಪತ್ರೆ, ಫುಟ್‌ಪಾತು, ಬಸ್ಸು, ಅಂಗನವಾಡಿ ಇಂಥವು. ಓಟು ಕೇಳೋಕೆ ಬಂದೋರ ಮುಂದೆ ಆ ಹಾಳೇನೇ ಹಿಡೀರಿ.

ಕೊನೇದಾಗಿ ಗೇಟಿನ ಹೊರಗಿನವರನ್ನ ಕೇಳದೆ ನೋಟ್‌ಬುಕ್ ಮುಚ್ಚಬೇಡಿ. ನಾನು ನಮ್ಮನೆ ಕೆಲಸಕ್ಕೆ ಬರೋ ಅಕ್ಕನ್ನ ಕೇಳಿದೆ, ಆ ಒಂದು ಗಂಟೆಗೆ ದುಡ್ಡು ಕೊಟ್ಟು, ಕಾಫಿ ಕೊಟ್ಟು, ಕುರ್ಚಿ ಮೇಲೆ ಕೂರಿಸಿ. ಅವರ ಮೊದಲನೇ ಕಾಲಮ್ಮಲ್ಲಿ ಮಿಕ್ಸಿ ಬರುತ್ತೆ, ಫೋನ್ ಬರುತ್ತೆ ಅನ್ಕೊಂಡಿದ್ದೆ. ಅವರು ಬರೆಸಿದ್ದು ಬಸ್ಸು. 2023ರ ಜೂನಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಆದ್ಮೇಲೆ ಕನಕಪುರದ ಹತ್ರ ಇರೋ ಅವರಕ್ಕನ ಮನೆಗೆ ಹೋಗಿ ಬಂದ್ರಂತೆ. ಎರಡನೇ ಕಾಲಮ್ಮಲ್ಲಿ ಏನು ಬರೀಲಿ ಅಂದೆ. "ಗಂಡನ್ನ ಕಾಸು ಕೇಳ್ದೆ ಹೋದೆ ಅಂತ ಬರ್ಕೊಳ್ಳಿ" ಅಂದ್ರು. ಮೂರನೇದಕ್ಕೆ ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಸೀಟು ಸಿಗಲ್ಲ, ನಿಂತ್ಕೊಂಡೇ ಹೋಗ್ಬೇಕು ಅಂದ್ರು.